ಬಸ್ಸು ಹತ್ತದ ಮಕ್ಕಳು

1965ರ ನವೆಂಬರ್ 19, ಶುಕ್ರವಾರ ಬೆಳಿಗ್ಗೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಹೇಜಲ್‌ಟನ್ ಎಂಬ ಸಣ್ಣ ಊರಿನ ಹತ್ತಿರ, ಒಂದೇ ಕೋಣೆಯ ಶಾಲೆಯೊಂದರ ಮುಂದೆ ಬಸ್ಸು ಬಂದು ನಿಂತಿತು. ಶಿಕ್ಷಣ ಅಧಿಕಾರಿಗಳು, ಪೊಲೀಸರು, ಅವರ ಬೆನ್ನಿಗೆ ಪತ್ರಿಕೆಯವರು. ಒಳಗಿದ್ದವರು ಆಮಿಶ್ ಎಂಬ ಕ್ರೈಸ್ತ ಪಂಗಡದ ಮಕ್ಕಳು. ಅವರನ್ನು ಬಸ್ಸಿಗೆ ಹತ್ತಿಸಿ ಸರ್ಕಾರಿ ಶಾಲೆಗೆ ಸಾಗಿಸುವುದು ಬಂದವರ ಉದ್ದೇಶ. ಮಕ್ಕಳು ಸಾಲಾಗಿ ಹೊರಗೆ ಬಂದರು. ಅಷ್ಟರಲ್ಲಿ ಯಾರೋ ಜರ್ಮನ್ ಭಾಷೆಯಲ್ಲಿ ‘ಓಡಿ’ ಎಂದು ಕೂಗಿದರು. ಸಾಲು ಚದುರಿತು. ಕಪ್ಪು ಟೋಪಿಯ ಹುಡುಗರು, ತಲೆಗೆ ಬಟ್ಟೆ ಕಟ್ಟಿದ ಹುಡುಗಿಯರು ಮುಳ್ಳುತಂತಿಯ ಬೇಲಿ ನುಸುಳಿ ಪಕ್ಕದ ಮುಸುಕಿನಜೋಳದ ಹೊಲಕ್ಕೆ ಬಿದ್ದರು. ‘ಡಿ ಮೊಯ್ನ್ ರಿಜಿಸ್ಟರ್’ ಪತ್ರಿಕೆಯ ಥಾಮಸ್ ಡಿಫಿಯೊ ಆ ಕ್ಷಣದಲ್ಲಿ ತೆಗೆದ ಫೋಟೊ ದೇಶವಿಡೀ ಅಚ್ಚಾಯಿತು.

ಸೋಮವಾರ ಅಧಿಕಾರಿಗಳು ಮತ್ತೆ ಬಂದರು. ಈ ಸಲ ತಾಯಂದಿರು ಅಳುತ್ತಾ ಒಳಗೇ ನಿಂತಿದ್ದರು, ಮಕ್ಕಳು ಏಸುವಿನ ಹಾಡು ಹಾಡುತ್ತಿದ್ದರು. ಯಾರಿಗೂ ಕೈ ಹಾಕಲು ಮನಸ್ಸು ಬರಲಿಲ್ಲ. ರಾಜ್ಯಪಾಲ ಹೆರಾಲ್ಡ್ ಹ್ಯೂಸ್ ಮಧ್ಯೆ ಬಂದು ಎಲ್ಲವನ್ನೂ ನಿಲ್ಲಿಸಿದರು. ಎರಡು ವರ್ಷದ ಮೇಲೆ, 1967ರಲ್ಲಿ, ರಾಜ್ಯದ ಶಾಸನಸಭೆ ಆಮಿಶರಿಗೆ ವಿನಾಯಿತಿಯ ದಾರಿ ಮಾಡಿಕೊಟ್ಟಿತು.

ಅಷ್ಟು ದೊಡ್ಡ ಗಲಾಟೆಗೆ ಕಾರಣ ಏನು? ಆಮಿಶರು ಶಾಲೆಯನ್ನೇ ಬೇಡ ಎಂದವರಲ್ಲ. ಕುದುರೆಗಾಡಿಯಲ್ಲಿ ಓಡಾಡುವ, ಕಾರು ಇಟ್ಟುಕೊಳ್ಳದ, ಬೇಸಾಯವನ್ನೇ ನಂಬಿದ ಆ ಜನ ಮಕ್ಕಳಿಗೆ ಓದು, ಬರಹ, ಲೆಕ್ಕ ಚೆನ್ನಾಗಿಯೇ ಕಲಿಸುತ್ತಿದ್ದರು. ಎಂಟನೇ ತರಗತಿಯವರೆಗೆ ಸಾಕು, ಮುಂದಿನದನ್ನು ಹೊಲ, ಕೊಟ್ಟಿಗೆ, ಅಡುಗೆಮನೆ ಕಲಿಸುತ್ತವೆ ಎನ್ನುವುದು ಅವರ ನಂಬಿಕೆ. ಹಳ್ಳಿಯ ಸಣ್ಣ ಶಾಲೆಗಳನ್ನು ಮುಚ್ಚಿ ಎಲ್ಲವನ್ನೂ ದೊಡ್ಡ ಊರಿನ ಒಂದು ಶಾಲೆಗೆ ಸೇರಿಸುವ ಕೆಲಸ ಆ ಕಾಲದಲ್ಲಿ ಜೋರಾಗಿ ನಡೆಯುತ್ತಿತ್ತು. ಆಮಿಶರು ತಮ್ಮ ಸಣ್ಣ ಶಾಲೆಯನ್ನು ಬಿಡಲಿಲ್ಲ. ತಾವೂ ಎಂಟನೆಯವರೆಗೆ ಮಾತ್ರ ಓದಿದ ಹುಡುಗಿಯರನ್ನು ಅಲ್ಲಿ ಟೀಚರಾಗಿ ಇಟ್ಟರು. ಟೀಚರಿಗೆ ಸರ್ಟಿಫಿಕೇಟ್ ಇರಲೇಬೇಕು ಎಂದು ಕಾನೂನು ಹಟ ಹಿಡಿಯಿತು.

ಆ ಕಾನೂನಿನ ಬೇರು ಹಳೆಯದು. ಮಕ್ಕಳನ್ನು ಕಡ್ಡಾಯವಾಗಿ ಶಾಲೆಗೆ ಕಳಿಸಬೇಕೆಂದು ಮೊದಲು ಕಾನೂನು ಮಾಡಿದ ರಾಜ್ಯ ಮ್ಯಾಸಚೂಸೆಟ್ಸ್, 1852ರಲ್ಲಿ. ಕೊನೆಯದು ಮಿಸಿಸಿಪ್ಪಿ, 1918ರಲ್ಲಿ. ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಮಕ್ಕಳನ್ನು ತರಗತಿಗೆ ಕರೆತಂದದ್ದರಲ್ಲಿ ಈ ಕಾನೂನುಗಳ ಪಾಲು ದೊಡ್ಡದು. ಅದನ್ನು ಮರೆತು ಈ ಕಥೆ ಹೇಳಿದರೆ ಅನ್ಯಾಯವಾಗುತ್ತದೆ. ಆದರೆ ಇದೇ ಕಾನೂನು ಹೊಸದಾಗಿ ವಲಸೆ ಬಂದವರನ್ನು ಒಂದೇ ಅಚ್ಚಿಗೆ ಹುಯ್ಯುವ ಆಸೆಯನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತು. 1922ರಲ್ಲಿ ಆರೆಗಾನ್ ರಾಜ್ಯದ ಮತದಾರರು ಎಂಟರಿಂದ ಹದಿನಾರು ವರ್ಷದ ಮಕ್ಕಳೆಲ್ಲ ಸರ್ಕಾರಿ ಶಾಲೆಗೇ ಹೋಗಬೇಕು, ಖಾಸಗಿ ಶಾಲೆ ಕೂಡದು ಎಂಬ ಕಾಯಿದೆಗೆ ಒಪ್ಪಿಗೆ ಕೊಟ್ಟರು. ಅದರ ಬೆನ್ನಿಗೆ ನಿಂತವರಲ್ಲಿ ಬಿಳಿಯರ ಜನಾಂಗೀಯ ಸಂಘಟನೆ ಕು ಕ್ಲಕ್ಸ್ ಕ್ಲಾನ್ ಕೂಡ ಇತ್ತು. ಗುರಿ ಕ್ಯಾಥೊಲಿಕ್ ಶಾಲೆಗಳು. ಸನ್ಯಾಸಿನಿಯರ ಸಂಘವೊಂದು ಕೋರ್ಟಿಗೆ ಹೋಯಿತು. 1925ರ ಜೂನ್ 1ರಂದು ಸುಪ್ರೀಂ ಕೋರ್ಟು ಒಮ್ಮತದಿಂದ ಆ ಕಾಯಿದೆಯನ್ನು ಹೊಡೆದುಹಾಕಿತು. ಮಗು ಸರ್ಕಾರದ ಸೊತ್ತಲ್ಲ, ಅದನ್ನು ಬೆಳೆಸುವ ದಿಕ್ಕನ್ನು ನಿರ್ಧರಿಸುವುದು ಹೆತ್ತವರ ಹಕ್ಕು ಮತ್ತು ಹೊಣೆ ಎನ್ನುವುದು ತೀರ್ಪಿನ ತಾತ್ಪರ್ಯ. ಮಕ್ಕಳನ್ನು ಮನೆಯಲ್ಲೇ ಓದಿಸಿದ ಮುಂದಿನ ಹಲವು ತಂದೆತಾಯಿಯರು ಕೋರ್ಟಿನಲ್ಲಿ ಎತ್ತಿ ಹೇಳಿದ್ದು ಈ ತೀರ್ಪನ್ನೇ.

ಅಯೋವಾದ ಫೋಟೊ ನೋಡಿ ತಳಮಳಗೊಂಡವರಲ್ಲಿ ವಿಲಿಯಂ ಲಿಂಡ್‌ಹೋಮ್ ಎಂಬ ಲೂಥರನ್ ಪಾದ್ರಿ ಒಬ್ಬರು. ಆಮಿಶರು ಕೋರ್ಟು ಮೆಟ್ಟಿಲು ಹತ್ತುವವರಲ್ಲ. ಕಷ್ಟ ಬಂದರೆ ಸಹಿಸುವುದು, ಇಲ್ಲವೇ ಊರು ಬಿಟ್ಟು ಹೋಗುವುದು ಅವರ ಧರ್ಮ. ಅವರ ಪರವಾಗಿ ಹೋರಾಡಲು ಲಿಂಡ್‌ಹೋಮ್ 1967ರಲ್ಲಿ ಒಂದು ಸಮಿತಿ ಕಟ್ಟಿದರು. ಅದು ಹಿಡಿದ ಪ್ರಕರಣ ವಿಸ್ಕಾನ್ಸಿನ್ ರಾಜ್ಯದ ನ್ಯೂ ಗ್ಲಾರಸ್ ಊರಿನದು. ಹದಿನಾರು ತುಂಬುವವರೆಗೆ ಮಕ್ಕಳು ಶಾಲೆಯಲ್ಲಿರಬೇಕು ಎಂಬ ಅಲ್ಲಿನ ಕಾನೂನನ್ನು ಮೀರಿದ್ದಕ್ಕೆ ಯೋಡರ್, ಮಿಲ್ಲರ್, ಯುಟ್ಜಿ ಎಂಬ ಮೂವರು ತಂದೆಯರಿಗೆ ಬಿದ್ದ ದಂಡ ತಲಾ ಐದು ಡಾಲರ್. ಆ ಐದು ಡಾಲರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ವಾದಿಸಿದ ವಕೀಲ ವಿಲಿಯಂ ಬಾಲ್ ಕ್ಯಾಥೊಲಿಕ್. ಹೀಗೆ ಒಬ್ಬ ಲೂಥರನ್, ಒಬ್ಬ ಕ್ಯಾಥೊಲಿಕ್ ಸೇರಿ, ವ್ಯಾಜ್ಯವನ್ನೇ ಪಾಪವೆನ್ನುವ ಜನರಿಗಾಗಿ ವ್ಯಾಜ್ಯ ನಡೆಸಿದರು.

1972ರ ಮೇ 15ರಂದು ತೀರ್ಪು ಬಂತು. ಆಮಿಶರು ಗೆದ್ದರು. ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್ ಬರೆದ ಆ ತೀರ್ಪಿನಲ್ಲಿ ಎರಡು ಅಂಶಗಳು ನನ್ನನ್ನು ಹಿಡಿದು ನಿಲ್ಲಿಸುತ್ತವೆ. ಮೊದಲನೆಯದು ಲೇಖಕ ಥೋರೋನ ಹೆಸರು. ಈ ವಿನಾಯಿತಿ ಧರ್ಮದ ನೆಲೆಯ ಮೇಲೆ ನಿಂತಿದೆ, ವಾಲ್ಡನ್ ಕೊಳದ ದಂಡೆಗೆ ಹೋಗಿ ಕೂತ ಥೋರೋನಂತೆ ಸಮಾಜದ ರೀತಿನೀತಿ ಹಿಡಿಸಲಿಲ್ಲ ಎನ್ನುವವರಿಗೆ ಇದು ಸಲ್ಲುವುದಿಲ್ಲ ಎಂದು ಬರ್ಗರ್ ಸ್ಪಷ್ಟಪಡಿಸಿದರು. ಥೋರೋ ಸ್ವತಃ ಮೇಷ್ಟರಾಗಿದ್ದವನು. 1837ರಲ್ಲಿ ಕಾಂಕರ್ಡಿನ ಸರ್ಕಾರಿ ಶಾಲೆಗೆ ಸೇರಿ, ಮಕ್ಕಳಿಗೆ ಹೊಡೆಯಲೇಬೇಕೆಂದು ಮೇಲಿನವರು ಒತ್ತಾಯಿಸಿದ್ದಕ್ಕೆ ಕೆಲವೇ ದಿನಗಳಲ್ಲಿ ಕೆಲಸ ಬಿಟ್ಟವನು. ಎರಡನೆಯದು ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅವರ ಭಿನ್ನ ಅಭಿಪ್ರಾಯ. ಮೂರು ಮನೆಯ ಮಕ್ಕಳಲ್ಲಿ ಸಾಕ್ಷಿ ನುಡಿದವಳು ಯೋಡರ್ ಅವರ ಮಗಳೊಬ್ಬಳೇ. ಉಳಿದಿಬ್ಬರನ್ನು ಯಾರೂ ಕೇಳಲಿಲ್ಲ. ಹದಿನಾಲ್ಕು, ಹದಿನೈದು ವರ್ಷದ ಮಗುವಿಗೆ ಪಿಯಾನೊ ವಾದಕಿಯಾಗುವ, ಗಗನಯಾತ್ರಿಯಾಗುವ ಆಸೆ ಇದ್ದರೆ ಏನು ಮಾಡುವುದು, ಆ ಮಗುವಿನ ಬಾಯಿಂದಲೇ ಕೇಳಬೇಡವೇ ಎನ್ನುವುದು ಡಗ್ಲಸ್ ಎತ್ತಿದ ಪ್ರಶ್ನೆ. ಮೊಕದ್ದಮೆ ಇರುವುದು ತಂದೆಯರ ಮೇಲೆ, ಮಕ್ಕಳ ಮೇಲಲ್ಲ, ಆದ್ದರಿಂದ ಆ ಪ್ರಶ್ನೆ ಇಲ್ಲಿ ಏಳುವುದಿಲ್ಲ ಎಂದು ಬಹುಮತ ಅದನ್ನು ಬದಿಗಿಟ್ಟಿತು. ಡಗ್ಲಸ್ ಕೇಳಿದ್ದೇ ಸರಿ ಎಂದು ನಾನು ನಂಬುತ್ತೇನೆ. ಮುಂದಿನ ಐವತ್ತು ವರ್ಷದ ಕಥೆಯಲ್ಲಿ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಬದಿಗಿಡುವುದನ್ನೇ ಕಾಣುತ್ತೇವೆ.

ಇದೇ ಹೊತ್ತಿನಲ್ಲಿ, ಧರ್ಮದ ಗೊಡವೆಯೇ ಇಲ್ಲದ ಇನ್ನೊಂದು ದಿಕ್ಕಿನಿಂದ ಜಾನ್ ಹೋಲ್ಟ್ ಇದೇ ಪ್ರಶ್ನೆಗೆ ಬಂದು ಮುಟ್ಟಿದ್ದರು. 1923ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಹೋಲ್ಟ್ ಎರಡನೇ ಮಹಾಯುದ್ಧದಲ್ಲಿ ಜಲಾಂತರ್ಗಾಮಿಯಲ್ಲಿ ದುಡಿದವರು. ಮದುವೆಯಾಗಲಿಲ್ಲ, ಮಕ್ಕಳಿರಲಿಲ್ಲ. ಕೊಲೊರಾಡೊದಲ್ಲಿ, ಆಮೇಲೆ ಬಾಸ್ಟನ್ ಆಸುಪಾಸಿನ ಖಾಸಗಿ ಶಾಲೆಗಳಲ್ಲಿ ಮೇಷ್ಟರಾದರು. ಸಹೋದ್ಯೋಗಿ ಬಿಲ್ ಹಲ್ ಜೊತೆ ಅವರು ಒಂದು ಅಭ್ಯಾಸ ಇಟ್ಟುಕೊಂಡಿದ್ದರು. ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ಪಕ್ಕದಲ್ಲಿ ಕೂತು ಮಕ್ಕಳ ಮುಖವನ್ನೇ ನೋಡುವುದು. ಐದನೇ ತರಗತಿಯಲ್ಲಿ ಒಂದು ಆಟ ನಡೆಯುತ್ತಿತ್ತು. ಮೇಷ್ಟರು ಒಂದರಿಂದ ಹತ್ತು ಸಾವಿರದೊಳಗಿನ ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ. ಮಕ್ಕಳು ಹೌದು ಅಥವಾ ಇಲ್ಲ ಎಂಬ ಉತ್ತರ ಬರುವಂಥ ಪ್ರಶ್ನೆ ಕೇಳಿ ಅದನ್ನು ಕಂಡುಹಿಡಿಯಬೇಕು. ‘ಐದು ಸಾವಿರದಿಂದ ಹತ್ತು ಸಾವಿರದ ನಡುವೆ ಇದೆಯೆ?’ ಎಂದು ಒಂದು ಮಗು ಕೇಳುತ್ತದೆ. ಹೌದು ಎಂದರೆ ತರಗತಿಯೆಲ್ಲ ಸಂಭ್ರಮ. ಇಲ್ಲ ಎಂದರೆ ಎಲ್ಲರ ಮುಖ ಸಪ್ಪೆ. ಎರಡೂ ಉತ್ತರ ಕೊಡುವ ಮಾಹಿತಿ ಒಂದೇ, ಇಲ್ಲ ಎಂದರೂ ಸಂಖ್ಯೆ ಐದು ಸಾವಿರದೊಳಗಿದೆ ಎಂದು ಗೊತ್ತಾಗೇ ಆಗುತ್ತದೆ. ಆದರೂ ‘ಇಲ್ಲ’ ಎಂಬುದು ಮಕ್ಕಳ ಕಿವಿಗೆ ಬೈಗುಳದಂತೆ ಕೇಳುತ್ತಿತ್ತು. ಈ ಮಕ್ಕಳು ಸಂಖ್ಯೆಯನ್ನು ಹುಡುಕುತ್ತಿಲ್ಲ, ಮೇಷ್ಟರ ಮೆಚ್ಚುಗೆಯನ್ನು ಹುಡುಕುತ್ತಿದ್ದಾರೆ ಎಂದು ಹೋಲ್ಟ್ ಕಂಡುಕೊಂಡರು. ದಡ್ಡತನ ಎಂದು ನಾವು ಕರೆಯುವುದರ ಹಿಂದೆ ಇರುವುದು ಬಹುಪಾಲು ಭಯ. ಹೀಗೆ ಟಿಪ್ಪಣಿ ಮಾಡಿಟ್ಟ ಪುಟಗಳು 1964ರಲ್ಲಿ ‘ಹೌ ಚಿಲ್ಡ್ರನ್ ಫೇಲ್’ ಪುಸ್ತಕವಾದವು. 1967ರಲ್ಲಿ ‘ಹೌ ಚಿಲ್ಡ್ರನ್ ಲರ್ನ್’ ಬಂತು.

ಮೊದಮೊದಲು ಹೋಲ್ಟ್ ಶಾಲೆಗಳನ್ನು ತಿದ್ದಬಹುದೆಂದು ನಂಬಿದ್ದರು. ಊರೂರು ತಿರುಗಿ ಭಾಷಣ ಮಾಡಿದರು. 1970ರಲ್ಲಿ ಮೆಕ್ಸಿಕೊದ ಕ್ವೆರ್ನವಾಕಾಗೆ ಹೋಗಿ ಚಿಂತಕ ಇವಾನ್ ಇಲಿಚ್ ಅವರ ಕೇಂದ್ರದಲ್ಲಿ ಉಳಿದುಕೊಂಡು ಚರ್ಚಿಸಿದರು. ಮರುವರ್ಷ ಇಲಿಚ್ ಅವರ ‘ಡಿಸ್ಕೂಲಿಂಗ್ ಸೊಸೈಟಿ’ ಹೊರಬಂತು. ಕಲಿಕೆ ಬೇರೆ, ಶಾಲೆ ಬೇರೆ, ಎರಡನ್ನೂ ಒಂದೇ ಎಂದುಕೊಂಡಿರುವುದೇ ಆಧುನಿಕ ಸಮಾಜದ ಭ್ರಮೆ ಎನ್ನುವುದು ಅದರ ವಾದ. ಶಾಲೆ ತಿದ್ದುವ ಆಸೆ ಹೋಲ್ಟ್ ಅವರಲ್ಲಿ ಮೆಲ್ಲಗೆ ಆರಿತು. 1976ರ ‘ಇನ್‌ಸ್ಟೆಡ್ ಆಫ್ ಎಜುಕೇಷನ್’ ಪುಸ್ತಕದಲ್ಲಿ, ಹಿಂದೆ ಗುಲಾಮರನ್ನು ಗುಟ್ಟಾಗಿ ದಾಟಿಸುತ್ತಿದ್ದ ಜಾಲದಂತೆ ಮಕ್ಕಳನ್ನು ಶಾಲೆಯಿಂದ ಪಾರುಮಾಡುವ ಜಾಲವೊಂದು ಬೇಕು ಎಂದು ಬರೆದರು. ಅದನ್ನು ಓದಿ ಪತ್ರಗಳು ಬರತೊಡಗಿದವು. ನಾವು ಆಗಲೇ ಅದನ್ನು ಮಾಡುತ್ತಿದ್ದೇವೆ, ಪಕ್ಕದ ಮನೆಯವರಿಗೂ ಹೇಳಿಲ್ಲ ಎಂದು ದೇಶದ ಮೂಲೆಮೂಲೆಯಿಂದ ತಂದೆತಾಯಿಯರು ಬರೆದರು.

ಅವರನ್ನು ಒಬ್ಬರಿಗೊಬ್ಬರು ಪರಿಚಯಿಸಲು ಹೋಲ್ಟ್ 1977ರ ಆಗಸ್ಟಿನಲ್ಲಿ ಬಾಸ್ಟನ್‌ನಿಂದ ‘ಗ್ರೋಯಿಂಗ್ ವಿದೌಟ್ ಸ್ಕೂಲಿಂಗ್’ ಎಂಬ ಪತ್ರಿಕೆ ಶುರು ಮಾಡಿದರು. ಮೊದಲ ಸಂಚಿಕೆ ನಾಲ್ಕೇ ಪುಟ. ಮುಂದಿನ ಸಂಚಿಕೆಗಳನ್ನು ತುಂಬಿದ್ದು ಓದುಗರ ಪತ್ರಗಳು. ಯಾವ ರಾಜ್ಯದ ಕಾನೂನು ಏನು ಹೇಳುತ್ತದೆ, ಶಾಲಾ ಸಮಿತಿಗೆ ಅರ್ಜಿ ಹೇಗೆ ಬರೆಯಬೇಕು, ಓದಲು ಒಲ್ಲದ ಒಂಬತ್ತು ವರ್ಷದ ಮಗನನ್ನು ಅವನ ಪಾಡಿಗೆ ಬಿಟ್ಟರೆ ಏನಾಗುತ್ತದೆ, ಇಂಥವು. ಅನ್‌ಸ್ಕೂಲಿಂಗ್ ಎಂಬ ಪದ ಚಲಾವಣೆಗೆ ಬಂದದ್ದು ಇಲ್ಲಿಂದ. ಶಾಲೆಯನ್ನು ಮನೆಯೊಳಗೆ ತಂದು ಅದೇ ವೇಳಾಪಟ್ಟಿ, ಅದೇ ಪರೀಕ್ಷೆ ನಡೆಸುವುದಲ್ಲ, ಮಗುವಿನ ಕುತೂಹಲ ಹೋದತ್ತ ಕಲಿಕೆಯೂ ಹೋಗಲಿ ಎನ್ನುವ ನಿಲುವು ಅದು. 1978ರ ಡಿಸೆಂಬರಿನಲ್ಲಿ ಫಿಲ್ ಡೊನಹ್ಯೂ ಟಿವಿ ಕಾರ್ಯಕ್ರಮದಲ್ಲಿ ಹೋಲ್ಟ್ ಕಾಣಿಸಿಕೊಂಡ ಮೇಲೆ ಸಾವಿರಾರು ಪತ್ರಗಳು ಬಂದು ಬಿದ್ದವು.

ಹೋಲ್ಟ್ ಬಳಸಿದ ಆ ಗುಲಾಮರ ಹೋಲಿಕೆಯನ್ನು ಮಾತ್ರ ನಾನು ಒಪ್ಪಲಾರೆ. ಗುಲಾಮರ ಮೊಮ್ಮಕ್ಕಳು ಅದೇ ದೇಶದಲ್ಲಿ ಶಾಲೆಯಿಂದ ಪಾರಾಗಲು ಅಲ್ಲ, ಶಾಲೆಯ ಒಳಗೆ ಕಾಲಿಡಲು ಹೋರಾಡುತ್ತಿದ್ದರು. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ, ಫಾರ್ಮ್‌ವಿಲ್ ಊರಿನ ಕರಿಯರ ಹೈಸ್ಕೂಲಿನ ಮಕ್ಕಳು ಟಾರು ಕಾಗದ ಹೊದಿಸಿದ ಗುಡಿಸಲುಗಳಲ್ಲಿ ಪಾಠ ಕೇಳುತ್ತಿದ್ದರು. 1951ರ ಏಪ್ರಿಲ್ 23ರಂದು ಬಾರ್ಬರಾ ಜಾನ್ಸ್ ಎಂಬ ಹದಿನಾರರ ಹುಡುಗಿಯ ನಾಯಕತ್ವದಲ್ಲಿ ಅವರು ತರಗತಿ ಬಿಟ್ಟು ಹೊರಬಂದರು. ಅವರ ಮೊಕದ್ದಮೆ, ಶಾಲೆಗಳಲ್ಲಿ ಬಣ್ಣಭೇದ ಕೂಡದೆಂದ ಸುಪ್ರೀಂ ಕೋರ್ಟಿನ 1954ರ ಬ್ರೌನ್ ತೀರ್ಪಿನಲ್ಲಿ ಸೇರಿ ಗೆದ್ದಿತು. ಬಿಳಿಯರು ಕರಿಯರು ಒಂದೇ ಶಾಲೆಯಲ್ಲಿ ಕೂರಬೇಕು ಎಂದಾದಾಗ ಕೌಂಟಿ ಏನು ಮಾಡಿತು? 1959ರಲ್ಲಿ ಶಾಲೆಗಳಿಗೆ ದುಡ್ಡು ಕೊಡುವುದನ್ನೇ ನಿಲ್ಲಿಸಿ ಎಲ್ಲಕ್ಕೂ ಬೀಗ ಹಾಕಿತು. ಅದೇ ವರ್ಷ ವರ್ಜೀನಿಯಾ ರಾಜ್ಯ ತನ್ನ ಕಡ್ಡಾಯ ಹಾಜರಾತಿ ಕಾನೂನನ್ನೂ ರದ್ದು ಮಾಡಿತು. ಬಿಳಿಯ ಮಕ್ಕಳಿಗೆ ಖಾಸಗಿ ಅಕಾಡೆಮಿ ಎದ್ದು ನಿಂತಿತು. ಒಂದೂವರೆ ಸಾವಿರಕ್ಕೂ ಹೆಚ್ಚು ಕರಿಯ ಮಕ್ಕಳು ಬೀದಿಗೆ ಬಿದ್ದರು. ಚರ್ಚಿನ ನೆಲಮಾಳಿಗೆಗಳಲ್ಲಿ ತಾಯಂದಿರು ಕೈಲಾದಷ್ಟು ಕಲಿಸಿದರು. ಅನುಕೂಲವಿದ್ದವರು ಮಕ್ಕಳನ್ನು ಬೇರೆ ರಾಜ್ಯದ ನೆಂಟರ ಮನೆಗೆ ಕಳಿಸಿದರು. ಹಲವರು ಐದು ವರ್ಷ ತಂಬಾಕಿನ ಹೊಲದಲ್ಲಿ ದುಡಿದು, ಆಮೇಲೆ ಓದಿಗೆ ಮರಳಲೇ ಇಲ್ಲ. 1964ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಬೀಗ ತೆಗೆಯಿತು. ಮಕ್ಕಳು ಕಡಿಮೆಯೆಂದು ನಮ್ಮ ಹಳ್ಳಿಗಳಲ್ಲಿ ಸರ್ಕಾರಿ ಕನ್ನಡ ಶಾಲೆಗಳು ಒಂದೊಂದಾಗಿ ಮುಚ್ಚುತ್ತಿರುವ ಈ ಕಾಲದಲ್ಲಿ, ಹೋಲ್ಟ್ ಅವರನ್ನು ಮೆಚ್ಚುವ ನಾವು ಫಾರ್ಮ್‌ವಿಲ್ಲನ್ನೂ ಜೊತೆಗೇ ಓದಬೇಕು. ಮನೆಯೇ ಪಾಠಶಾಲೆಯಾಗುವುದು ಒಬ್ಬರಿಗೆ ಆಯ್ಕೆ, ಇನ್ನೊಬ್ಬರಿಗೆ ಶಿಕ್ಷೆ.

ಥೋರೋನಂಥವರಿಗೆ ಕಾನೂನಿನ ಬಾಗಿಲು ತೆರೆದದ್ದು ಒಂದು ಜಿಲ್ಲಾ ಮಟ್ಟದ ಕೋರ್ಟು. ಮ್ಯಾಸಚೂಸೆಟ್ಸಿನ ಆಮ್ಹರ್ಸ್ಟ್ ಊರಿನಲ್ಲಿ ಒಂದು ದಂಪತಿ, ಧಾರ್ಮಿಕ ಕಾರಣ ಯಾವುದೂ ಇಲ್ಲದೆ, ಮಗನಿಗೆ ಶಾಲೆ ಒಗ್ಗಲಿಲ್ಲವೆಂದು ಮನೆಯಲ್ಲೇ ಓದಿಸಲು ಅನುಮತಿ ಕೇಳಿತು. ಶಾಲಾ ಸಮಿತಿ ಆಗದು ಎಂದಿತು. 1978ರ ನವೆಂಬರಿನಲ್ಲಿ ನ್ಯಾಯಾಧೀಶ ಜಾನ್ ಗ್ರೀನಿ ಕೊಟ್ಟ ತೀರ್ಪು ಹದವರಿತದ್ದು. ಏನು ಕಲಿಸುತ್ತೀರಿ, ಎಷ್ಟು ಹೊತ್ತು ಕಲಿಸುತ್ತೀರಿ, ಕಲಿಸಲು ನಿಮಗೆ ಬರುತ್ತದೆಯೇ, ಇವನ್ನು ಸಮಿತಿ ಕೇಳಬಹುದು. ಏಕೆ ಮನೆಯಲ್ಲಿ ಓದಿಸುತ್ತೀರಿ ಎಂದು ಕೇಳುವಂತಿಲ್ಲ. ನಾಲ್ಕು ಮಕ್ಕಳ ಜೊತೆ ಬೆರೆಯುವ ಅನುಭವ ಸಿಗುವುದಿಲ್ಲ ಎಂಬ ಕಾರಣಕ್ಕೆ ಅರ್ಜಿ ತಳ್ಳಿಹಾಕುವಂತಿಲ್ಲ. ಹೋಲ್ಟ್ ಈ ತೀರ್ಪನ್ನು ತಮ್ಮ ಪತ್ರಿಕೆಯಲ್ಲಿ ಪ್ರಚಾರ ಮಾಡಿದರು.

ಎಲ್ಲ ಕಡೆ ಹೀಗೆ ನಯವಾಗಿ ಮುಗಿಯಲಿಲ್ಲ. ಯೂಟಾದ ಮೇರಿಯನ್ ಹಳ್ಳಿಯಲ್ಲಿ ಜಾನ್ ಸಿಂಗರ್ ಎಂಬಾತ 1973ರಲ್ಲಿ ಮಕ್ಕಳನ್ನು ಶಾಲೆ ಬಿಡಿಸಿದ. ಮಾರ್ಮನ್ ಚರ್ಚು ಹೊರಹಾಕಿದ್ದ ಕಟ್ಟಾ ಸಂಪ್ರದಾಯಸ್ಥ, ಆಮೇಲೆ ಎರಡನೇ ಮದುವೆಯನ್ನೂ ಮಾಡಿಕೊಂಡ. ಕೋರ್ಟಿನ ಆದೇಶಗಳನ್ನು ಲೆಕ್ಕಿಸದೆ ಬಂದೂಕು ಹಿಡಿದು ಮನೆಯಲ್ಲಿ ಕೂತ. ಪತ್ರಕರ್ತರ ವೇಷದಲ್ಲಿ ಬಂದ ಪೊಲೀಸರಿಂದಲೂ ಒಮ್ಮೆ ತಪ್ಪಿಸಿಕೊಂಡ. 1979ರ ಜನವರಿ 18ರಂದು ಮನೆಯ ಮುಂದಿನ ಅಂಚೆಪೆಟ್ಟಿಗೆಗೆ ಹೋಗಿದ್ದಾಗ ಪೊಲೀಸರು ಸುತ್ತುವರಿದರು. ಆತನ ಕೈಯಲ್ಲಿ ಪಿಸ್ತೂಲು ಇತ್ತು. ಗುಂಡು ತಗುಲಿ ಸತ್ತ. ಹಾಜರಿ ಪುಸ್ತಕದಿಂದ ಶುರುವಾದ ಜಗಳ ಒಂದು ಹೆಣದಲ್ಲಿ ಮುಗಿಯಿತು.

1980ರ ದಶಕದಲ್ಲಿ ಮನೆಯಲ್ಲೇ ಓದಿಸುವ ಚಳವಳಿಯ ಬಣ್ಣ ಬದಲಾಯಿತು. ರೇಮಂಡ್ ಮತ್ತು ಡೊರೊಥಿ ಮೂರ್ ದಂಪತಿ 1975ರಲ್ಲೇ ‘ಬೆಟರ್ ಲೇಟ್ ದ್ಯಾನ್ ಅರ್ಲಿ’ ಬರೆದು, ಎಳೆಯ ಮಕ್ಕಳನ್ನು ಶಾಲೆಗೆ ದಬ್ಬಬೇಡಿ ಎಂದಿದ್ದರು. ಮೂರ್ ಅಡ್ವೆಂಟಿಸ್ಟ್ ಕ್ರೈಸ್ತರು, ಹೋಲ್ಟ್ ಎಡಪಂಥದ ಕಡೆಗೆ ವಾಲಿದವರು. ಇಬ್ಬರೂ ಒಂದೇ ಗುರಿಗಾಗಿ ಶಾಸನಸಭೆಗಳಲ್ಲಿ, ಕೋರ್ಟುಗಳಲ್ಲಿ ಮಾತಾಡಿದರು. ಆದರೆ ಸಂಖ್ಯೆಯಲ್ಲಿ ಬೆಳೆದವರು ಸುವಾರ್ತಾ ಪಂಥದ ಕ್ರೈಸ್ತ ಕುಟುಂಬಗಳು. ವಿಕಾಸವಾದದ ಪಾಠ, ಲೈಂಗಿಕ ಶಿಕ್ಷಣ, ಶಾಲೆಯಲ್ಲಿ ನಿಂತುಹೋದ ಪ್ರಾರ್ಥನೆ ಅವರನ್ನು ಕೆರಳಿಸಿದ್ದವು. 1983ರಲ್ಲಿ ಮೈಕಲ್ ಫ್ಯಾರಿಸ್ ಮತ್ತು ಮೈಕಲ್ ಸ್ಮಿತ್ ಎಂಬ ವಕೀಲರು ಹೋಮ್ ಸ್ಕೂಲ್ ಲೀಗಲ್ ಡಿಫೆನ್ಸ್ ಅಸೋಸಿಯೇಷನ್ ಕಟ್ಟಿದರು. ವರ್ಷಕ್ಕಿಷ್ಟು ಚಂದಾ ಕೊಟ್ಟರೆ ಮೊಕದ್ದಮೆ ಬಿದ್ದಾಗ ವಕೀಲರನ್ನು ಒದಗಿಸುವ ಸಂಘ. ಒಂದೊಂದೇ ರಾಜ್ಯ ಕಾನೂನು ತಿದ್ದಿತು. 1993ರಲ್ಲಿ ಮಿಷಿಗನ್ ರಾಜ್ಯದ ಸುಪ್ರೀಂ ಕೋರ್ಟು, ಧರ್ಮದ ಕಾರಣಕ್ಕೆ ಮನೆಯಲ್ಲಿ ಓದಿಸುವವರಿಗೆ ಟೀಚರ್ ಸರ್ಟಿಫಿಕೇಟ್ ಬೇಕಿಲ್ಲ ಎಂದಿತು. ಆ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಹೋಮ್‌ಸ್ಕೂಲಿಂಗ್‌ಗೆ ಕಾನೂನಿನ ದಾರಿ ಸಿಕ್ಕಿತ್ತು. ಹೋಲ್ಟ್ ಅದನ್ನು ನೋಡಲಿಲ್ಲ. 1985ರ ಸೆಪ್ಟೆಂಬರ್ 14ರಂದು ತೀರಿಕೊಂಡರು. ಅವರ ಪತ್ರಿಕೆಯನ್ನು ಜೊತೆಗಾರರು 2001ರವರೆಗೆ ನಡೆಸಿದರು.

ಜನರ ಮನಸ್ಸು ಬದಲಾಗಲು ಕೋರ್ಟಿನಷ್ಟೇ ನೆರವಾದದ್ದು ಕೋಲ್‌ಫ್ಯಾಕ್ಸ್ ಕುಟುಂಬ. ಕ್ಯಾಲಿಫೋರ್ನಿಯಾದ ಬೂನ್‌ವಿಲ್ ಬೆಟ್ಟದಲ್ಲಿ ತಾವೇ ಮನೆ ಕಟ್ಟಿಕೊಂಡು, ಆಡು ಸಾಕಿಕೊಂಡು ಬದುಕಿದ್ದ ಡೇವಿಡ್ ಮತ್ತು ಮಿಕಿ ದಂಪತಿಯ ಹಿರಿಯ ಮಗ ಗ್ರಾಂಟ್ 1983ರಲ್ಲಿ ಹಾರ್ವರ್ಡ್ ಸೇರಿದ. ಹಿಂದಿನಿಂದ ತಮ್ಮಂದಿರಿಬ್ಬರು ಅಲ್ಲಿಗೇ ಹೋದರು. ಆಡುಗಳ ತಳಿ ಸುಧಾರಣೆ ಅವರ ಜೀವಶಾಸ್ತ್ರದ ಪ್ರಯೋಗಶಾಲೆಯಾಗಿತ್ತು. ಗ್ರಾಂಟ್ ವೈದ್ಯನಾಗಿ, ಮುಂದೆ ಒಬಾಮ ಆಡಳಿತದಲ್ಲಿ ಏಡ್ಸ್ ನೀತಿಯ ಮುಖ್ಯಸ್ಥನಾದ.

ಫ್ಯಾರಿಸ್ ಅವರ ಸಂಘದ ಬಲ ಎಷ್ಟಿತ್ತೆಂದು 1994ರ ಫೆಬ್ರವರಿಯಲ್ಲಿ ದೇಶ ಕಂಡಿತು. ಶಿಕ್ಷಣ ಮಸೂದೆಯೊಂದರಲ್ಲಿ, ಟೀಚರುಗಳು ತಾವು ಕಲಿಸುವ ವಿಷಯದಲ್ಲಿ ಸರ್ಟಿಫಿಕೇಟ್ ಪಡೆದಿರಬೇಕು ಎಂಬ ಒಂದು ಸಾಲು ಇತ್ತು. ಇದು ನಾಳೆ ತಾಯಿಯ ಅಡುಗೆಮನೆಗೂ ಅನ್ವಯಿಸಬಹುದು ಎಂದು ಫ್ಯಾರಿಸ್ ಎಚ್ಚರಿಸಿದರು. ಫ್ಯಾಕ್ಸ್, ಕ್ರೈಸ್ತ ರೇಡಿಯೊ ಮೂಲಕ ಸುದ್ದಿ ಹರಿದು, ಸಂಸತ್ತಿನ ಫೋನುಗಳು ದಿನಗಟ್ಟಲೆ ಕಟ್ಟಿಹೋದವು. ಆ ಸಾಲನ್ನು ತೆಗೆಯಲು ಬಿದ್ದ ಮತ 424, ವಿರುದ್ಧ ಒಂದು. ಆ ಒಂದು ಮತ, ಸಾಲನ್ನು ಬರೆದ ಜಾರ್ಜ್ ಮಿಲ್ಲರ್ ಅವರದೇ.

ಅಲ್ಲಿಂದ ಮುಂದೆ ಹೋಮ್‌ಸ್ಕೂಲಿಂಗ್ ಎಂದರೆ ಹೆತ್ತವರ ಹಕ್ಕು ಎನ್ನುವುದೇ ಗಟ್ಟಿಯಾಯಿತು. ಮಗುವಿನ ಮುಖ ನೋಡಿ ಶುರುವಾದ ಹೋಲ್ಟ್ ಅವರ ಹುಡುಕಾಟ ಹಿಂದೆ ಸರಿಯಿತು. ಶಿಕ್ಷಣ ಇಲಾಖೆಯ ಅಂದಾಜಿನಂತೆ 1999ರಲ್ಲಿ ಮನೆಯಲ್ಲಿ ಓದುವ ಮಕ್ಕಳು 8.5 ಲಕ್ಷ, 2012ರಲ್ಲಿ 17 ಲಕ್ಷಕ್ಕೂ ಮೇಲೆ. ಪೆನ್ಸಿಲ್ವೇನಿಯಾದಲ್ಲಿ ತಾಯಂದಿರು ಮಗುವಿನ ವರ್ಷದ ಕೆಲಸವನ್ನೆಲ್ಲ ಕಡತ ಮಾಡಿ ತೋರಿಸಬೇಕು. ಟೆಕ್ಸಸ್, ಐಡಹೊ ರಾಜ್ಯಗಳಲ್ಲಿ ಯಾರಿಗೂ ಒಂದು ಚೀಟಿ ಬರೆದು ತಿಳಿಸುವ ಅಗತ್ಯವಿಲ್ಲ. ಐಡಹೊದ ಬೆಟ್ಟದ ಮನೆಯಲ್ಲಿ ಬೆಳೆದು ಹದಿನೇಳನೇ ವಯಸ್ಸಿನಲ್ಲಿ ಮೊದಲ ಸಲ ತರಗತಿಯಲ್ಲಿ ಕೂತ ತಾರಾ ವೆಸ್ಟೋವರ್, ಕೇಂಬ್ರಿಡ್ಜಿನಲ್ಲಿ ಪಿಎಚ್.ಡಿ. ಮುಗಿಸಿ 2018ರಲ್ಲಿ ‘ಎಜುಕೇಟೆಡ್’ ಎಂಬ ಆತ್ಮಕಥೆ ಬರೆದರು. ಅದಕ್ಕೂ ಮೊದಲೇ, 2013ರಲ್ಲಿ, ಮನೆಯಲ್ಲೇ ಓದಿ ಬೆಳೆದ ಕೆಲವರು ಸೇರಿ ಕೊಅಲಿಷನ್ ಫಾರ್ ರೆಸ್ಪಾನ್ಸಿಬಲ್ ಹೋಮ್ ಎಜುಕೇಷನ್ ಕಟ್ಟಿದ್ದರು. ಹೋಮ್‌ಸ್ಕೂಲಿಂಗ್ ನಿಲ್ಲಿಸಿ ಎಂದು ಅವರು ಕೇಳಲಿಲ್ಲ. ಮಗುವಿಗೆ ಪಾಠ ಸಿಗುತ್ತಿದೆಯೇ, ಮಗು ಸುರಕ್ಷಿತವಾಗಿದೆಯೇ ಎಂದು ಹೊರಗಿನವರು ಒಬ್ಬರಾದರೂ ನೋಡಲಿ ಎಂದರು. ಕೊರೊನಾ ವರ್ಷ 2020ರಲ್ಲಿ ಜನಗಣತಿ ಇಲಾಖೆಯ ಸಮೀಕ್ಷೆ, ಮನೆಯಲ್ಲೇ ಓದಿಸುವ ಕುಟುಂಬಗಳ ಪ್ರಮಾಣ ವಸಂತದಿಂದ ಶರತ್ಕಾಲಕ್ಕೆ ಶೇ. 5.4ರಿಂದ 11.1ಕ್ಕೆ ಏರಿದ್ದನ್ನು ತೋರಿಸಿತು. ಕರಿಯರ ಕುಟುಂಬಗಳಲ್ಲಿ ಆ ಏರಿಕೆ ಶೇ. 3.3ರಿಂದ 16.1ಕ್ಕೆ.

ಕೊರೊನಾಕ್ಕೆ ಎರಡು ವರ್ಷ ಮೊದಲು, 2018ರ ಜನವರಿ 14ರಂದು, ಕ್ಯಾಲಿಫೋರ್ನಿಯಾದ ಪೆರಿಸ್ ಊರಿನ ಒಂದು ಮನೆಯ ಕಿಟಕಿಯಿಂದ ಹದಿನೇಳು ವರ್ಷದ ಹುಡುಗಿ ತಪ್ಪಿಸಿಕೊಂಡು ಪೊಲೀಸರಿಗೆ ಫೋನ್ ಮಾಡಿದಳು. ಒಳಗೆ ಅವಳ ಹನ್ನೆರಡು ಒಡಹುಟ್ಟಿದವರಿದ್ದರು. ಕೆಲವರನ್ನು ಸರಪಳಿಯಲ್ಲಿ ಕಟ್ಟಲಾಗಿತ್ತು, ವರ್ಷಗಟ್ಟಲೆ ಹೊಟ್ಟೆಗಿಲ್ಲದೆ ಒಣಗಿದ್ದರು. ಆ ಮನೆ ಸರ್ಕಾರಿ ದಾಖಲೆಯಲ್ಲಿ ಒಂದು ಖಾಸಗಿ ಶಾಲೆ. ರಾಜ್ಯದ ಕಾನೂನಿನಂತೆ ತಂದೆಯೇ ವರ್ಷಕ್ಕೊಮ್ಮೆ ಅರ್ಜಿ ತುಂಬಿ ಅದನ್ನು ನೋಂದಾಯಿಸಿದ್ದ. ಇಂಥ ಮನೆಗಳ ಮೇಲೆ ಕಣ್ಣಿಡುವ ಮಸೂದೆಯೊಂದು ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಮಂಡನೆಯಾಯಿತು. ವಿರೋಧ ಬಂದಂತೆಲ್ಲ ಅದನ್ನು ತೆಳುಮಾಡಿ, ಕೊನೆಗೆ ಒಂದಿಷ್ಟು ಮಾಹಿತಿ ಸಂಗ್ರಹಿಸುವುದಕ್ಕಷ್ಟೇ ಇಳಿಸಿದರು. ಏಪ್ರಿಲ್ 25ರಂದು ಶಾಸನಸಭೆಯ ಶಿಕ್ಷಣ ಸಮಿತಿಯ ಮುಂದೆ ಅದು ವಿಚಾರಣೆಗೆ ಬಂದಾಗ, ಮಕ್ಕಳನ್ನು ಕಾಳಜಿಯಿಂದ ಮನೆಯಲ್ಲಿ ಓದಿಸುತ್ತಿದ್ದ ನೂರಾರು ತಂದೆತಾಯಿಯರು ಮಕ್ಕಳ ಸಮೇತ ಬಂದು ಸಾಲು ನಿಂತರು. ಒಬ್ಬೊಬ್ಬರಾಗಿ ಮೈಕಿನ ಮುಂದೆ ಹೆಸರು ಹೇಳಿ, ನಮ್ಮ ವಿರೋಧವಿದೆ ಎಂದು ದಾಖಲಿಸಿದರು. ಅದಕ್ಕೇ ಗಂಟೆಗಟ್ಟಲೆ ಹಿಡಿಯಿತು. ಅವರ ಸಿಟ್ಟಿನಲ್ಲಿ ಸುಳ್ಳಿರಲಿಲ್ಲ, ಬೇರೊಬ್ಬನ ಪಾಪಕ್ಕೆ ತಮ್ಮ ಮೇಲೇಕೆ ಅನುಮಾನ ಎಂದು ಅವರು ನೊಂದಿದ್ದರು. ಆದರೆ ಬೀಗದ ಹಿಂದಿದ್ದ ಮಗುವಿಗೆ ಆ ಸಾಲಿನಲ್ಲಿ ಬಂದು ನಿಲ್ಲುವ ದಾರಿ ಇರಲಿಲ್ಲ. ವಿಚಾರಣೆ ಮುಗಿದಾಗ ಮಸೂದೆಯನ್ನು ಮತಕ್ಕೆ ಹಾಕಿ ಎಂದು ಸೂಚಿಸಲು ಸಮಿತಿಯ ಒಬ್ಬ ಸದಸ್ಯರೂ ಬಾಯಿ ತೆರೆಯಲಿಲ್ಲ. ಮಸೂದೆ ಅಲ್ಲಿಗೇ ಬಿದ್ದುಹೋಯಿತು.